ಕರೆಂಟ್ ಹೋದ್ರೆ ಸರ್ವರ್ ಟೈಮೂ ಹೋಗುತ್ತೆ: ಪೈ ಮೇಲೆ ಕ್ರೋನಿ ಹಾಕೋಣ

ನಮಸ್ಕಾರ ಎಲ್ರಿಗೂ, ಇವತ್ತು ಬಾಕ್ಸು ಗೀಕ್ಸು ಏನೂ ಬಿಚ್ಚಲ್ಲ, ಪೂರ್ತಿ ಟರ್ಮಿನಲ್ಲೇ, ಬೋರ್ ಅನ್ಸಿದ್ರೆ ಸ್ಪೀಡ್ ಜಾಸ್ತಿ ಮಾಡ್ಕೊಂಡು ನೋಡಿ. ಟಿವಿ ಹಿಂದೆ ಕೂತಿರೋ ಈ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್ ಇದ್ಯಲ್ಲ, ಇದೇ ನಮ್ಮನೆ ಸರ್ವರ್ರು, ಫೋಟೋ ಬ್ಯಾಕಪ್ ಎಲ್ಲ ಇದ್ರಲ್ಲೇ. ಪಿಸಿ ಮದರ್‌ಬೋರ್ಡಲ್ಲಿ ಬಟನ್ ಸೆಲ್ ಮೇಲೆ ಓಡೋ ಗಡಿಯಾರ ಇರುತ್ತೆ, ಇದಕ್ಕೆ ಅದಿಲ್ಲ, ಹಾಗಾಗಿ ಕರೆಂಟ್ ಹೋಯ್ತು ಅಂದ್ರೆ ಟೈಮೂ ಹೋಯ್ತು. ವಾಪಸ್ ಆನ್ ಆದಾಗ ಕೊನೇ ಸಲ ಮೆಮೊರಿ ಕಾರ್ಡಲ್ಲಿ ಬರ್ದಿಟ್ಕೊಂಡಿದ್ದ ಟೈಮಿಂದಾನೇ ಎಣಿಸೋಕೆ ಶುರು ಮಾಡುತ್ತೆ, ಮಧ್ಯಾಹ್ನ ಹೋದ ಕರೆಂಟ್ ಸಂಜೆ ಬಂದ್ರೂ ಅದ್ರ ಲೆಕ್ಕದಲ್ಲಿ ಇನ್ನೂ ಮಧ್ಯಾಹ್ನಾನೇ. ಆಮೇಲೆ ಯಾವಾಗ ಏನಾಯ್ತು ಅಂತ ಬರ್ದಿಡೋ ಲಾಗ್ ನೋಡಕ್ ಹೋದ್ರೆ ತಲೆಬುಡ ಇರಲ್ಲ, 30 ಸೆಕೆಂಡ್‌ಗೊಂದ್ಸಲ ಬದಲಾಗೋ ಆಥೆಂಟಿಕೇಟರ್ ಲಾಗಿನ್ ಕೋಡ್ ಹಾಕಿದ್ರೆ ತಪ್ಪು ಅನ್ನುತ್ತೆ. ಇದಕ್ಕೆ ಮದ್ದೇ ಕ್ರೋನಿ, ನೆಟ್ಟಲ್ಲಿರೋ ಟೈಮ್ ಸರ್ವರ್‌ಗಳನ್ನ ಕೇಳಿ ನಮ್ಮ ಗಡಿಯಾರ ಸರಿ ಮಾಡೋ ಸಾಫ್ಟ್‌ವೇರು.

ಮೊದ್ಲು ಟೈಮ್‌ಡೇಟ್‌ಸಿಟಿಎಲ್ ಅಂತ ಕಮಾಂಡ್ ಹೊಡೀರಿ, ಟೈಮ್ ಝೋನ್ ಏಷ್ಯಾ ಕೋಲ್ಕತ್ತಾ ಇದ್ಯಾ ನೋಡ್ಕೊಳ್ಳಿ. ಆಮೇಲೆ ಎಪಿಟಿ ಇನ್‌ಸ್ಟಾಲ್ ಕ್ರೋನಿ ಅಂತ ಕೊಟ್ಟು ಹಾಕ್ಕೊಳ್ಳಿ. ಇದೇ ಕೆಲ್ಸಕ್ಕೆ ಮುಂಚೆಯಿಂದ ಇದ್ದ ಟೈಮ್‌ಸಿಂಕ್‌ಡಿ ಪ್ರೋಗ್ರಾಮು ತಾನಾಗೇ ಜಾಗ ಬಿಡುತ್ತೆ. ಇನ್ನು ಕ್ರೋನಿ ಡಾಟ್ ಕಾನ್ಫ್, ಅಂದ್ರೆ ಸೆಟ್ಟಿಂಗ್ಸ್ ಫೈಲು, ಅದ್ರಲ್ಲಿ ಟೈಮ್ ಸರ್ವರ್‌ಗಳ ಗುಂಪು ಹೇಳೋ ಪೂಲ್ ಲೈನ್ ಹಾಗೇ ಇರ್ಲಿ, ಜೊತೆಗೆ ನಾನು ದಿಲ್ಲಿ ಎನ್‌ಪಿಎಲ್, ಅಂದ್ರೆ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸರ್ವರ್ ಸೇರಿಸಿದ್ದೀನಿ, ನಮ್ಮ ಐಎಸ್‌ಟಿ, ಭಾರತದ ಅಧಿಕೃತ ಟೈಮು, ಕಾಯೋದು ಅವ್ರೇ. 2022ರಲ್ಲಿ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಕಂಪನಿ, ಡೇಟಾ ಸೆಂಟರ್‌ಗಳಿಗೆ ಸರ್ಕಾರದ್ದೇ ಐಟಿ ಸಂಸ್ಥೆ ಎನ್‌ಐಸಿ ಇಲ್ಲಾ ಎನ್‌ಪಿಎಲ್ ಟೈಮಿಗೆ ಹೊಂದಿಸ್ಕೊಳ್ಳಿ ಅಂತ ಆರ್ಡರ್ ಮಾಡ್ತು, ಮನೆ ಸರ್ವರ್‌ಗೆ ಅಷ್ಟೆಲ್ಲ ಬೇಕಾಗಿಲ್ಲ ಬಿಡಿ.

ಅಸಲಿ ವಿಷ್ಯ ಇರೋದು ಅದೇ ಫೈಲಿನ ಈ ಲೈನಲ್ಲಿ, ಮೇಕ್‌ಸ್ಟೆಪ್ 1 3. ಕ್ರೋನಿ ಸಾಮಾನ್ಯವಾಗಿ ಟೈಮನ್ನ ದಬಕ್ ಅಂತ ಬದಲಾಯಿಸಲ್ಲ, ಗಡಿಯಾರನ ಚೂರು ಜೋರಾಗೋ ನಿಧಾನಕ್ಕೋ ಓಡಿಸಿ ದಾರಿಗೆ ತರುತ್ತೆ, ಯಾಕಂದ್ರೆ ಡೇಟಾಬೇಸ್ ಓಡ್ತಿರೋವಾಗ ಟೈಮ್ ಹಿಂದಕ್ಕೆ ಜಿಗಿದ್ರೆ ಎಡವಟ್ಟಾಗುತ್ತೆ. ಆದ್ರೆ ಹಿಂಗೆ ಒಂದು ಗಂಟೆ ವ್ಯತ್ಯಾಸ ಸರಿ ಮಾಡೋಕೆ ಅದ್ರ ಡಿಫಾಲ್ಟ್ ಫುಲ್ ಸ್ಪೀಡಲ್ಲೂ 12 ಗಂಟೆ ಬೇಕು! ಅದಕ್ಕೇ ಈ ಲೈನು, ಕ್ರೋನಿ ಶುರುವಾದ್ಮೇಲೆ ಗಡಿಯಾರ ತಿದ್ದೋ ಮೊದಲ 3 ಅಪ್‌ಡೇಟಲ್ಲಿ 1 ಸೆಕೆಂಡ್‌ಗಿಂತ ಜಾಸ್ತಿ ವ್ಯತ್ಯಾಸ ಕಂಡ್ರೆ ಒಂದೇ ಏಟಿಗೆ ಜಿಗಿ, ಆಮೇಲೆ ಬೇಡ ಅಂತ. ನಂಗೆ ಇಷ್ಟ ಆಗಿದ್ದು ಏನಂದ್ರೆ, ಲೆಕ್ಕ ಇರೋದು ಅಪ್‌ಡೇಟಿಂದು, ನಿಮಿಷದ್ದಲ್ಲ, ಹಾಗಾಗಿ ಕರೆಂಟ್ ಬಂದ್ಮೇಲೆ ರೂಟರ್ ಎದ್ದು ನೆಟ್ ಸಿಗೋದು ತಡ ಆದ್ರೂ ಜಿಗಿಯೋ ಚಾನ್ಸ್ ಹಾಗೇ ಉಳ್ಕೊಂಡಿರುತ್ತೆ.

ಕ್ರೋನಿ ರೀಸ್ಟಾರ್ಟ್ ಮಾಡಿ ಕ್ರೋನಿಸಿ ಸೋರ್ಸಸ್ ಅಂತ ಕಮಾಂಡ್ ಕೊಡಿ, ಟೈಮ್ ಸರ್ವರ್‌ಗಳ ಪಟ್ಟಿ ಬರುತ್ತೆ. ಸಾಲಿನ ಶುರುವಲ್ಲಿ ನಕ್ಷತ್ರ ಇದ್ಯಲ್ಲ, ಸದ್ಯಕ್ಕೆ ಆರಿಸ್ಕೊಂಡಿರೋ ಸರ್ವರ್ ಅದು. ಎಲ್ಲದಕ್ಕೂ ಪ್ರಶ್ನೆ ಚಿಹ್ನೆನೇ ಇದ್ರೆ ಟೈಮ್ ಕೇಳೋಕೆ ಬಳಸೋ ಯುಡಿಪಿ ಪೋರ್ಟ್ 123 ಎಲ್ಲೋ ಬ್ಲಾಕ್ ಆಗಿದ್ಯಾ ನೋಡಿ. ರೀಚ್ ಕಾಲಮ್ಮಲ್ಲಿ 17, 37, 77 ಅಂತ ಏರ್ತಿರೋದು ಆಕ್ಟಲ್ ನಂಬರ್, ಅಂದ್ರೆ 0ಯಿಂದ 7ರವರೆಗಿನ ಅಂಕೆಗಳಲ್ಲೇ ಬರೆಯೋ ಲೆಕ್ಕ, ಕೊನೇ 8 ಸಲ ಕೇಳಿದ್ರಲ್ಲಿ ಯಾವ್ಯಾವ್ದಕ್ಕೆ ಉತ್ತರ ಬಂತು ಅಂತ ಅರ್ಥ, ಎಂಟಕ್ಕೆಂಟೂ ಬಂದ್ರೆ 377, ಅದಕ್ಕಿಂತ ಮೇಲೆ ಹೋಗಲ್ಲ, ಕಾಯ್ತಾ ಕೂರ್ಬೇಡಿ. ಪೈ 5 ಇರೋರಿಗೆ ಬೋರ್ಡಲ್ಲೇ ಆರ್‌ಟಿಸಿ, ಅಂದ್ರೆ ಮೊದ್ಲು ಹೇಳಿದ ಬ್ಯಾಟರಿ ಗಡಿಯಾರ ಇದೆ, ಬ್ಯಾಟರಿ ಮಾತ್ರ ಬೇರೆ ತಗೋಬೇಕು, ಕ್ರೋನಿ ಅವ್ರಿಗೂ ಬೇಕೇ ಬೇಕು.