ರಿಪೋರ್ಟ್ ಕೈಗೆ ಸಿಕ್ಕರೆ ಸಾಲದು

ಎಲ್ಲರಿಗೂ ನಮಸ್ಕಾರ.

ಪೇಷಂಟ್ ಪೋರ್ಟಲ್ ಅಂದರೆ ರೋಗಿಗಳು ತಮ್ಮ ರಿಪೋರ್ಟ್ ನೋಡಲು, ವೈದ್ಯರಿಗೆ ಸಂದೇಶ ಬರೆಯಲು ಆಸ್ಪತ್ರೆ ಕೊಡುವ ವೆಬ್‌ಸೈಟ್ ಅಥವಾ ಆ್ಯಪ್. ಅದರ ಮಾತು ಬಂದ ಕೂಡಲೇ ಎಷ್ಟು ಜನ ನೋಂದಾಯಿಸಿಕೊಂಡರು ಅನ್ನುವ ಲೆಕ್ಕ ಮೊದಲು ಬರುತ್ತದೆ. ನಾನು ಕೇಳುವುದು ಬೇರೆ. ಒಳಗೆ ಬಂದವರು ಬಂದ ಕೆಲಸ ಮುಗಿಸಿಕೊಂಡು ಹೋದರಾ? ಇದನ್ನು ಬಳಸುವವರು ಹುಷಾರಿಲ್ಲದವರು, ಇಲ್ಲವೇ ಅವರನ್ನು ನೋಡಿಕೊಳ್ಳುತ್ತಾ ನಿದ್ದೆಗೆಟ್ಟವರು. ಕೈ ನಡುಗುತ್ತಿರುತ್ತದೆ, ಮನಸ್ಸಲ್ಲಿ ಭಯ ಇರುತ್ತದೆ. ಪೋರ್ಟಲ್ ಕಟ್ಟುವಾಗ ಇದೇ ಮರೆತುಹೋಗುತ್ತದೆ.

ಲ್ಯಾಬ್ ರಿಪೋರ್ಟನ್ನೇ ತೆಗೆದುಕೊಳ್ಳಿ. ಸಕ್ಕರೆ ಕಾಯಿಲೆ ಇರುವ ಒಬ್ಬರು ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ದಾರೆ ಅಂದುಕೊಳ್ಳಿ. ಹಿಂದಿನ ಎರಡು ಮೂರು ತಿಂಗಳಲ್ಲಿ ಸಕ್ಕರೆ ಸರಾಸರಿ ಹೇಗಿತ್ತು ಅಂತ ಅದು ಹೇಳುತ್ತದೆ. ಹೋದ ಸಲ 9 ಇತ್ತು, ಈಗ 6.8. ಸಕ್ಕರೆ ಕಾಯಿಲೆ ಇರುವ ಅನೇಕ ವಯಸ್ಕರಿಗೆ ವೈದ್ಯರು ಹಾಕಿಕೊಡುವ ಗುರಿ 7ರ ಒಳಗೆ. ಅಂದರೆ ಇದು ಒಳ್ಳೆಯ ಸುದ್ದಿ, ಅಲ್ವಾ? ಆದರೆ ಪೋರ್ಟಲ್‌ಗೆ ಅದು ಗೊತ್ತಿಲ್ಲ. ಕಾಯಿಲೆ ಇಲ್ಲದವರ ಮಿತಿ 5.7ರ ಒಳಗೆ. ಅದಕ್ಕೆ ಹೋಲಿಸಿ ಪೋರ್ಟಲ್ 6.8ಕ್ಕೆ ಕೆಂಪು ಬಣ್ಣ ಹಚ್ಚುತ್ತದೆ. ಔಷಧಿ, ಪಥ್ಯ ಎಲ್ಲ ಸರಿಯಾಗಿ ಮಾಡಿದವರು ಸುಮ್ನೆ ರಾತ್ರಿಯೆಲ್ಲ ಹೆದರಿ ಕೂರುತ್ತಾರೆ. ಹಳೆಯ ಸಂಖ್ಯೆ ಪಕ್ಕದಲ್ಲಿದ್ದು, ಅವರದೇ ಗುರಿಯನ್ನು ಕೆಳಗೆ ಬರೆದಿದ್ದು, ‘ಚೆನ್ನಾಗಿ ಇಳಿದಿದೆ, ಇದೇ ಔಷಧಿ ಮುಂದುವರಿಸಿ’ ಅಂತ ವೈದ್ಯರ ಒಂದು ಸಾಲು ಇದ್ದಿದ್ದರೆ ಅವರು ನೆಮ್ಮದಿಯಾಗಿ ಮಲಗುತ್ತಿದ್ದರು.

ಆ ಕೆಂಪು ಬಣ್ಣ ಇನ್ನೊಂದು ತೊಂದರೆಯನ್ನೂ ತರುತ್ತದೆ. ಬಣ್ಣಗುರುಡು ಇರುವವರಿಗೆ ಅದು ಗೊತ್ತಾಗದೇ ಹೋಗಬಹುದು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಸಂಖ್ಯೆಯನ್ನಷ್ಟೇ ಓದುತ್ತದೆ. ‘ಜಾಸ್ತಿ’ ಅಂತ ಅಕ್ಷರದಲ್ಲೂ ಬರೆದಿರಬೇಕು. ರಿಪೋರ್ಟನ್ನು ಸ್ಕ್ಯಾನ್ ಮಾಡಿ ಚಿತ್ರದ ಹಾಗೆ ಹಾಕಿಬಿಟ್ಟರಂತೂ, ಅಲ್ಲಿರುವ ಅಕ್ಷರಗಳು ಅನೇಕ ಸಲ ಸ್ಕ್ರೀನ್ ರೀಡರ್‌ಗೆ ಸಿಗುವುದೇ ಇಲ್ಲ. ತನ್ನದೇ ರಕ್ತದ ರಿಪೋರ್ಟನ್ನು ಬೇರೆಯವರಿಂದ ಓದಿಸಿಕೊಳ್ಳಬೇಕಾದ ಸ್ಥಿತಿ ಯಾರಿಗೂ ಬರಬಾರದು.

ಇದಕ್ಕೆಲ್ಲ ಡಬ್ಲ್ಯೂಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಇದೆ. ಅಂಗವಿಕಲರೂ ಬಳಸುವ ಹಾಗೆ ವೆಬ್‌ಸೈಟ್ ಕಟ್ಟುವುದು ಹೇಗೆ ಅಂತ ಅದು ಹೇಳುತ್ತದೆ. ಬಣ್ಣವೊಂದನ್ನೇ ನಂಬಬೇಡಿ ಅನ್ನುವುದು ಅದರಲ್ಲಿ ಹಳೆಯ ಮಾತು. 2023ರಲ್ಲಿ ಬಂದ 2.2 ಆವೃತ್ತಿ ಲಾಗಿನ್ ಬಗ್ಗೆಯೂ ಮಾತಾಡುತ್ತದೆ. ಬೇರೆ ದಾರಿ ಕೊಡದೆ ಜನರ ನೆನಪಿನ ಶಕ್ತಿಯನ್ನು ಪರೀಕ್ಷೆ ಮಾಡಬೇಡಿ, ಪಾಸ್‌ವರ್ಡ್ ಪೇಸ್ಟ್ ಮಾಡಲು ಬಿಡಿ ಅನ್ನುತ್ತದೆ. ಲಾಗಿನ್ ಆದವರ ಸಮಯ ಮುಗಿಯುವ ಮೊದಲು ಎಚ್ಚರಿಸಿ, ಮುಂದುವರಿಸಲು ಕನಿಷ್ಠ 20 ಸೆಕೆಂಡ್ ಕೊಡುವುದು ಅದು ಒಪ್ಪುವ ಒಂದು ದಾರಿ. ನಿಧಾನವಾಗಿ ಟೈಪ್ ಮಾಡುವವರು ವೈದ್ಯರಿಗೆ ಬರೆದ ಸಂದೇಶ ಅರ್ಧದಲ್ಲೇ ಅಳಿಸಿಹೋದರೆ ಎಷ್ಟು ಸಂಕಟ ಆಗುತ್ತದೆ ಯೋಚಿಸಿ.

ನೋಡಿಕೊಳ್ಳುವವರಿಗೆ ಬೇರೆ ಲಾಗಿನ್ ಬೇಕು. ಅದು ಇಲ್ಲದಿದ್ದರೆ ಮಗಳು ತಾಯಿಯ ಪಾಸ್‌ವರ್ಡ್‌ನಲ್ಲೇ ಒಳಗೆ ಹೋಗುತ್ತಾಳೆ. ಆಗ ತಾಯಿ ಹೇಳಿಕೊಳ್ಳಲು ಇಷ್ಟಪಡದ ವಿಷಯವೂ ಅವಳ ಕಣ್ಣಿಗೆ ಬೀಳುತ್ತದೆ. ಏನನ್ನು ತೋರಿಸಬೇಕು ಅನ್ನುವ ನಿರ್ಧಾರ ರೋಗಿಯದ್ದೇ ಆಗಿರಬೇಕು.

ಇಷ್ಟೆಲ್ಲ ತೋರಿಸಿದರೆ ರೋಗಿಗಳು ಗಾಬರಿಯಾಗುತ್ತಾರೆ, ನಮಗೆ ಕೆಲಸ ಜಾಸ್ತಿಯಾಗುತ್ತದೆ ಅಂತ ವೈದ್ಯರು ಹೇಳುವುದುಂಟು. ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಮೆರಿಕದಲ್ಲಿ 2010ರಲ್ಲಿ ‘ಓಪನ್‌ನೋಟ್ಸ್’ ಹೆಸರಿನಲ್ಲಿ ನೂರಕ್ಕೂ ಹೆಚ್ಚು ವೈದ್ಯರು ತಾವು ಬರೆಯುವ ಟಿಪ್ಪಣಿಗಳನ್ನೇ ರೋಗಿಗಳಿಗೆ ತೆರೆದಿಟ್ಟರು. ವರ್ಷ ಕಳೆದ ಮೇಲೆ ನಿಲ್ಲಿಸುವ ಅವಕಾಶ ಇದ್ದರೂ ಒಬ್ಬ ವೈದ್ಯರೂ ನಿಲ್ಲಿಸಲಿಲ್ಲ.

ಹಾಗಂತ ಫೋನ್, ಕಾಗದ ಬಿಟ್ಟುಬಿಡಿ ಅಂತ ಅರ್ಥವಲ್ಲ. ಪೋರ್ಟಲ್ ಬೇಡ ಅನ್ನುವವರಿಗೂ ಅದೇ ಮಾಹಿತಿ ಅಷ್ಟೇ ಬೇಗ ಸಿಗಬೇಕು.

ಇಲ್ಲಿ ಪೋರ್ಟಲ್ ಕಟ್ಟುವವರು ಇದ್ದರೆ ಒಂದು ಕೋರಿಕೆ. ಮೌಸ್ ಪಕ್ಕಕ್ಕಿಡಿ. ಬರೀ ಕೀಬೋರ್ಡ್ ಹಿಡಿದು, ಅಕ್ಷರವನ್ನು ಎರಡು ಪಟ್ಟು ದೊಡ್ಡದು ಮಾಡಿ, ಒಂದು ರಿಪೋರ್ಟ್ ತೆರೆಯಲು ನೋಡಿ. ಆಮೇಲೆ ಸ್ಕ್ರೀನ್ ರೀಡರ್ ದಿನವೂ ಬಳಸುವ ಒಬ್ಬ ರೋಗಿಯನ್ನು ಕರೆದು, ಸಂಭಾವನೆ ಕೊಟ್ಟು, ಅದೇ ಕೆಲಸ ಮಾಡಲು ಹೇಳಿ. ಅವರು ಎಲ್ಲಿ ನಿಲ್ಲುತ್ತಾರೋ ಅಲ್ಲಿಂದ ರಿಪೇರಿ ಶುರುಮಾಡಿ.