ಬಂಕ್ ಪಕ್ಕದ ಬಾವಿ: ರಿಪೋರ್ಟ್ ಚೆನ್ನಾಗಿದೆ, ನೀರು?

ನಮಸ್ಕಾರ. ಊರಿಗೆಲ್ಲ ನೀರು ಕೊಡೋ ಬಾವಿ. ಅದರ ಕೂಗಳತೆಯಲ್ಲೇ ಒಂದು ಪೆಟ್ರೋಲ್ ಬಂಕ್, ನೆಲದಡಿ ಅದರ ಟ್ಯಾಂಕು, ಪೈಪು. ಯಾರಾದರೂ ಅನುಮಾನ ಎತ್ತಿದರೆ ಪಂಚಾಯಿತಿಯವರು ನಲ್ಲಿಯಿಂದ ಒಂದು ಬಾಟಲಿ ನೀರು ಹಿಡಿದು ಲ್ಯಾಬಿಗೆ ಕಳಿಸ್ತಾರೆ. ‘ಮಿನರಲ್ ಆಯಿಲ್’, ಅಂದರೆ ಪೆಟ್ರೋಲಿಯಂ ಎಣ್ಣೆಯಂಶ, ‘ಪತ್ತೆಯಾಗಿಲ್ಲ’ ಅಂತ ರಿಪೋರ್ಟ್ ಬರುತ್ತೆ, ಫೈಲು ಮುಚ್ಚುತ್ತೆ. ನನ್ನ ತಕರಾರು ಆ ಮುಚ್ಚೋದರ ಮೇಲೆ.

ಕುಡಿಯುವ ನೀರಿನ ಮಾನಕ ಐಎಸ್ 10500 ಮಿನರಲ್ ಆಯಿಲ್‌ಗೆ ಇಟ್ಟಿರೋ ಮಿತಿ ಲೀಟರಿಗೆ 0.5 ಮಿಲಿಗ್ರಾಂ, ಅಂದರೆ 500 ಮೈಕ್ರೋಗ್ರಾಂ. ಆದರೆ ಪೆಟ್ರೋಲಿನಲ್ಲಿ ಹೆದರಬೇಕಾದದ್ದು ಬೆಂಜೀನ್‌ಗೆ. ರಕ್ತದ ಕ್ಯಾನ್ಸರ್ ತರೋ ವಸ್ತು ಅದು. ವಿಶ್ವ ಆರೋಗ್ಯ ಸಂಸ್ಥೆ ಅದಕ್ಕೆ ಹೇಳೋ ಮಿತಿ 10 ಮೈಕ್ರೋಗ್ರಾಂ. ಎರಡಕ್ಕೂ ಐವತ್ತು ಪಟ್ಟು ಅಂತರ! ಅದೂ ಅಲ್ಲದೆ, ನೀರಿನ ಎಣ್ಣೆಯಂಶವನ್ನು ಒಂದು ದ್ರಾವಕಕ್ಕೆ ಎಳೆದು, ಆ ದ್ರಾವಕ ಆವಿ ಮಾಡಿ, ಉಳಿದ ಜಿಡ್ಡನ್ನು ತೂಗೋ ಹಳೇ ವಿಧಾನದಲ್ಲಿ, 80 ಡಿಗ್ರಿಗೇ ಕುದಿಯೋ ಬೆಂಜೀನ್ ತಕ್ಕಡಿಗೆ ಬರೋ ಮೊದಲೇ ಹಾರಿಹೋಗಿರುತ್ತೆ.

ಸೋರಿಕೆ ದೊಡ್ಡದಾಗಿರಬೇಕು ಅಂತೇನಿಲ್ಲ. ಬಿಎಸ್-6 ಪೆಟ್ರೋಲಿನಲ್ಲಿ ಬೆಂಜೀನ್ ಶೇ. 1ರವರೆಗೆ ಇರಬಹುದು. ಒಂದು ಲೀಟರಿಗೆ 10 ಮಿ.ಲೀ., ಹೆಚ್ಚುಕಡಿಮೆ 8.7 ಗ್ರಾಂ. ಅಷ್ಟೂ ಕರಗಿದರೆ ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಮಿತಿಗೆ ಮುಟ್ಟಿಸುತ್ತೆ. ದಿನಕ್ಕೆ ಒಂದು ಲೀಟರ್ ಹೋದರೆ ಬಂಕಿನ ಸ್ಟಾಕ್ ಲೆಕ್ಕದಲ್ಲಿ ಅದು ‘ಆವಿಯಾಗಿದ್ದು’ ಅಂತ ಸೇರಿಬಿಡುತ್ತೆ.

ಹಾಗಾಗಿ ನಾನು ಕೇಳೋದು ಬಂಕಿಗೂ ಬಾವಿಗೂ ನಡುವೆ ವೀಕ್ಷಣಾ ಬಾವಿಗಳು, ಅಂದರೆ ನೀರಿನ ಮಟ್ಟ ನೋಡೋಕೆ, ಮಾದರಿ ತೆಗೆಯೋಕೆ ಅಂತಲೇ ಪೈಪು ಇಳಿಸಿದ ಸಣ್ಣ ಕೊಳವೆಬಾವಿಗಳು. ಕುಡಿಯೋ ಬಾವಿಯಲ್ಲಿ ಬೆಂಜೀನ್ ಸಿಕ್ಕಿತು ಅಂದರೆ ಜನ ಆಗಲೇ ಕುಡಿದಿರ್ತಾರೆ. ಕನಿಷ್ಠ ಮೂರು ಬೇಕು, ತ್ರಿಕೋನದಲ್ಲಿ. ಮೂರರ ನೀರಿನ ಮಟ್ಟವನ್ನು ಒಂದೇ ಲೆವೆಲ್‌ಗೆ ಹೋಲಿಸಿ ಅಳೆದರೆ ಮಾತ್ರ ಹರಿವಿನ ದಿಕ್ಕು ಗೊತ್ತಾಗೋದು. ನಮ್ಮ ಗಟ್ಟಿಕಲ್ಲಿನ ನೆಲದಲ್ಲಿ ನೀರು ಬಿರುಕು ಹಿಡಿದು ಓಡುತ್ತೆ, ಊರಿನ ಮೋಟರು ಎಳೆದ ಕಡೆಗೂ ತಿರುಗುತ್ತೆ. ಅದಕ್ಕೇ ಮೋಟರು ಆನ್ ಇದ್ದಾಗ ಒಮ್ಮೆ, ಆಫ್ ಮಾಡಿ ಮಟ್ಟ ಏರಿದ ಮೇಲೆ ಒಮ್ಮೆ ಅಳೀಬೇಕು.

ಈ ಬಾವಿಗಳಿಗೆ 50 ಮಿ.ಮೀ. ಪಿವಿಸಿ ಪೈಪು ಸಾಕು, ಆದರೆ ಥ್ರೆಡ್ ತಿರುಗಿಸಿ ಜೋಡಿಸೋದು. ಸಲ್ಯೂಷನ್ ಹಚ್ಚಿ ಅಂಟಿಸಿದರೆ ಅದರ ದ್ರಾವಕಗಳೇ ನೀರಿಗಿಳಿದು ರಿಪೋರ್ಟ್ ಕೆಡಿಸುತ್ತವೆ. ಪೆಟ್ರೋಲ್ ನೀರಿನ ಮೇಲೆ ತೇಲೋದರಿಂದ ನೀರು ಒಳಗೆ ಬರೋಕೆ ಪೈಪಿನಲ್ಲಿ ಸೀಳುಗಳಿರೋ ಭಾಗ ನೀರಿನ ಮಟ್ಟಕ್ಕಿಂತ ಮೇಲಕ್ಕೂ ಇರಬೇಕು, ಕೆಳಕ್ಕೂ ಇಳಿಬೇಕು. ಇಲ್ಲೇ ಜಾಸ್ತಿ ಎಡವೋದು. ಸೀಳು ಪೂರ್ತಿ ಮುಳುಗಿದ್ದರೆ ತೇಲೋ ಪದರ ಪೈಪಿನ ಹೊರಗೇ ನಿಂತಿರುತ್ತೆ, ಒಳಗೆ ತಿಳಿನೀರು ಕಾಣುತ್ತೆ.

ಆ ಮಟ್ಟ ವರ್ಷಪೂರ್ತಿ ಒಂದೇ ಕಡೆ ನಿಲ್ಲಲ್ಲ. ಬೇಸಿಗೆಯಲ್ಲಿ ನೀರು ಇಳಿದಾಗ ಪೆಟ್ರೋಲೂ ಜೊತೆಗೆ ಇಳಿದು ಮಣ್ಣಿಗೆ ಮೆತ್ತಿಕೊಳ್ಳುತ್ತೆ. ಮಳೆಗಾಲದಲ್ಲಿ ನೀರು ಏರಿದಾಗ ಅದು ಅಲ್ಲೇ ಅಡಿಯಲ್ಲಿ ಸಿಕ್ಕಿಕೊಂಡು ಸದ್ದಿಲ್ಲದೆ ಕರಗ್ತಾ ಇರುತ್ತೆ. ಕರಾವಳಿಯ ಮುರಕಲ್ಲಿನ ತೆರೆದ ಬಾವಿಗಳಲ್ಲಿ ಈ ಏರಿಳಿತ ಇನ್ನೂ ಜೋರು. ಆಗಸ್ಟಿನಲ್ಲಿ ಪದರ ಕಾಣಲಿಲ್ಲ ಅಂತ ‘ಸರಿಹೋಯ್ತು’ ಅಂದುಬಿಡಬೇಡಿ, ಏಪ್ರಿಲ್-ಮೇನಲ್ಲಿ ಮತ್ತೆ ನೋಡಿ. ಈಗಿನ ಶೇ. 20 ಎಥನಾಲ್ ಪೆಟ್ರೋಲು ಇನ್ನೊಂದು ತಲೆನೋವು: ಸೂಕ್ಷ್ಮಜೀವಿಗಳು ಎಥನಾಲನ್ನೇ ಮೊದಲು ತಿಂದು ಆಮ್ಲಜನಕ ಮುಗಿಸ್ತವೆ, ಬೆಂಜೀನ್ ತಿಂದು ಮುಗಿಸೋರಿಲ್ಲದೆ ಅದು ಇನ್ನಷ್ಟು ದೂರ ಹೋಗುತ್ತೆ.

ಮಾದರಿ ತೆಗೆಯೋ ಮೊದಲು ಪೈಪಿನಲ್ಲಿ ನಿಂತ ಹಳೇ ನೀರು ಹೊರಗೆ ಹೋಗಬೇಕು. 50 ಮಿ.ಮೀ. ಪೈಪಿನಲ್ಲಿ ಮೀಟರಿಗೆ ಎರಡು ಲೀಟರ್ ನೀರಿರುತ್ತೆ. ಮೂರು ಮೀಟರ್ ನೀರಿದ್ದರೆ ಆರು ಲೀಟರ್, ಅದರ ಮೂರು ಪಟ್ಟು ತೆಗೀರಿ, ನಿಧಾನಕ್ಕೆ. ಆಮೇಲೆ 40 ಮಿ.ಲೀ.ನ ಗಾಜಿನ ವಯಲ್ (ಪುಟ್ಟ ಶೀಶೆ), ಅದರಲ್ಲಿ ಮೊದಲೇ ಹಾಕಿಟ್ಟ ಹೈಡ್ರೋಕ್ಲೋರಿಕ್ ಆಮ್ಲದ ಹನಿಗಳು. ಕಂಠದ ಮೇಲೆ ನೀರು ಉಬ್ಬೋವರೆಗೆ ತುಂಬಿ, ಮುಚ್ಚಿ, ತಲೆಕೆಳಗು ಮಾಡಿ ತಟ್ಟಿ. ಗುಳ್ಳೆ ಕಂಡರೆ ಆ ವಯಲ್ ಬಿಟ್ಟು ಹೊಸದು ತಗೊಳ್ಳಿ. ಬೆಂಜೀನ್ ಆ ಗುಳ್ಳೆಗೆ ಹಾರುತ್ತೆ. ಐಸ್‌ಪೆಟ್ಟಿಗೆಯಲ್ಲಿಟ್ಟು 14 ದಿನದೊಳಗೆ ಪರೀಕ್ಷೆ ಆಗಬೇಕು. ಲ್ಯಾಬಿನಿಂದಲೇ ತುಂಬಿ ತಂದ ಶುದ್ಧ ನೀರಿನ ಒಂದು ವಯಲ್ ಮುಚ್ಚಿದ ಹಾಗೇ ಜೊತೆಗೆ ಸುತ್ತಾಡಿ ವಾಪಸ್ ಹೋಗಲಿ. ಅದರಲ್ಲೂ ಬೆಂಜೀನ್ ಬಂದರೆ ಅದು ಬಾವಿಯದ್ದಲ್ಲ, ಮಾದರಿ ಹಿಡಿಯೋವಾಗಲೋ ಸಾಗಿಸೋವಾಗಲೋ ಸೇರಿದ್ದು. ಪಕ್ಕದಲ್ಲೇ ಜನರೇಟರ್ ಹೊಗೆ ಬಿಡ್ತಾ ಇದ್ದರೆ, ಪೆಟ್ರೋಲ್ ಹಾಕಿಸಿದ ಕೈಗವಸಲ್ಲೇ ವಯಲ್ ಹಿಡಿದರೆ ಹೀಗಾಗೋದೇ.

ಕುಡಿಯೋ ಬಾವಿಯ ಮಾದರಿಯನ್ನು ಓವರ್‌ಹೆಡ್ ಟ್ಯಾಂಕಿನ ನಲ್ಲಿಯಿಂದ ಹಿಡೀಬೇಡಿ. ಟ್ಯಾಂಕಿಗೆ ಧುಮುಕೋವಾಗಲೇ ಒಂದಷ್ಟು ಬೆಂಜೀನ್ ಗಾಳಿಗೆ ಹೋಗಿರುತ್ತೆ. ನೀರುಗಂಟಿಗೆ ಹೇಳಿ ಪಂಪಿನ ಬಾಯಲ್ಲೇ ಹಿಡಿಸಿ. ಲ್ಯಾಬಿಗೆ ಕೊಡೋ ಚೀಟಿಯಲ್ಲಿ ‘ಬೆಂಜೀನ್, ಟೊಲ್ವೀನ್, ಈಥೈಲ್‌ಬೆಂಜೀನ್, ಕ್ಸೈಲೀನ್, ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಲ್ಲಿ’ ಅಂತ ಬರೀರಿ. ಬೆಂಜೀನ್ ಜೊತೆ ಉಳಿದ ಮೂರೂ ಪೆಟ್ರೋಲಿನಲ್ಲಿರೋವೇ, ಆ ಯಂತ್ರ ಒಂದೊಂದನ್ನೂ ಬೇರೆ ಮಾಡಿ ಅಳೆಯುತ್ತೆ. ಎಷ್ಟು ಮೈಕ್ರೋಗ್ರಾಂವರೆಗೆ ಹಿಡೀತೀರಿ ಅಂತಲೂ ಕೇಳಿ. ಖರ್ಚು ಬಂಕಿನವರು ಕೊಡಲಿ, ಮಾದರಿ ಮಾತ್ರ ಅವರ ಕೈಗೆ ಬೇಡ.

ವೀಕ್ಷಣಾ ಬಾವಿಯಲ್ಲಿ ಬೆಂಜೀನ್ ಬಂತು ಅಂದರೆ ಅವತ್ತೇ ಕುಡಿಯೋಕೆ ಬೇರೆ ಕಡೆಯಿಂದ ಟ್ಯಾಂಕರ್ ನೀರು ಕೊಡಿ, ಬಾವಿ ನೀರನ್ನೂ ಪರೀಕ್ಷೆಗೆ ಕಳಿಸಿ. ‘ಕುದಿಸಿ ಕುಡೀರಿ’ ಅಂತ ಡಂಗುರ ಸಾರಬೇಡಿ. ಕುದಿಸಿದರೆ ಬೆಂಜೀನ್ ಅಡುಗೆಮನೆಯ ಗಾಳಿಗೆ ಬರುತ್ತೆ, ಒಲೆ ಮುಂದೆ ನಿಂತವರ ಎದೆಗೆ ಹೋಗುತ್ತೆ.