ತೊಟ್ಟಿಕ್ಕುವ ಹಸಿರು ನೀರು

ನಮಸ್ಕಾರ. ಬೆಂಗಳೂರಿನ ಪೀಣ್ಯದಲ್ಲಿ ಲೋಹದ ಸಾಮಾನಿಗೆ ಬೇರೆ ಲೋಹದ ಲೇಪ ಕೊಡುವ ಯಾವುದಾದರೂ ಸಣ್ಣ ಪ್ಲೇಟಿಂಗ್ ಶಾಪಿನೊಳಗೆ ಐದು ನಿಮಿಷ ಸುಮ್ನೆ ನಿಂತು ನೋಡಿ. ನಿಕಲ್ ತೊಟ್ಟಿಯಿಂದ ಬೋಲ್ಟುಗಳ ಗೊಂಚಲನ್ನು ಮೇಲೆತ್ತುತ್ತಾರೆ, ಅದರಿಂದ ಹಸಿರು ನೀರು ಇನ್ನೂ ತೊಟ್ಟಿಕ್ಕುತ್ತಿರುವಾಗಲೇ ಪಕ್ಕದ ತೊಳೆಯುವ ತೊಟ್ಟಿಗೆ ಅದ್ದಿಬಿಡುತ್ತಾರೆ. ಆ ಹಸಿರೇ ನಿಕಲ್. ದುಡ್ಡು ಕೊಟ್ಟು ತಂದದ್ದು. ಚರಂಡಿಗೆ ಹೋದರೆ ಅದೇ ವಿಷ.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಕೊಳಚೆ ನೀರಿಗೆ ಸುಣ್ಣ ಹಾಕುತ್ತಾರೆ, ಲೋಹ ಕೆಸರಾಗಿ ತಳಕ್ಕೆ ಕೂರುತ್ತದೆ. ನೀರು ತಿಳಿಯಾಯಿತು ನಿಜ, ಆದರೆ ವಿಷ ಜಾಗ ಬದಲಾಯಿಸಿತು ಅಷ್ಟೇ ಅಲ್ವಾ? ಆ ಕೆಸರನ್ನು ಸಾಗಿಸಲು ಮತ್ತೆ ದುಡ್ಡು ಕೊಡಬೇಕು.

ಕರೆಂಟಿನ ದಾರಿ ಬೇರೆ. ನೀರಿನಲ್ಲಿ ಎರಡು ತಗಡು ಇಳಿಬಿಟ್ಟು ಡಿಸಿ ಕರೆಂಟ್ ಹರಿಸಿದರೆ ತಾಮ್ರ, ನಿಕಲ್‌ನಂಥವು ಮೈನಸ್ ತಗಡಿಗೆ ಬಂದು ಲೋಹವಾಗಿಯೇ ಅಂಟಿಕೊಳ್ಳುತ್ತವೆ. ಪ್ಲೇಟಿಂಗ್‌ನವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ದಿನವಿಡೀ ಮಾಡುವುದು ಅದನ್ನೇ! ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಸುಮಾರು 1.19 ಗ್ರಾಂ ತಾಮ್ರ. 50 ಆಂಪಿಯರ್, 8 ಗಂಟೆ ಅಂದರೆ ಸುಮಾರು 475 ಗ್ರಾಂ. ಇದು ಕಾಗದದ ಲೆಕ್ಕ, ಕೈಗೆ ಸಿಗುವುದು ಕಡಿಮೆ.

ಯಾಕೆ ಕಡಿಮೆ? ನೀರಿನಲ್ಲಿ ಕರಗಿದ ಲೋಹ ಕಡಿಮೆಯಾದಷ್ಟೂ ತಗಡಿನ ಹತ್ತಿರ ಲೋಹ ಸಿಗುವುದಿಲ್ಲ, ಕರೆಂಟೆಲ್ಲ ನೀರನ್ನು ಒಡೆದು ಹೈಡ್ರೋಜನ್ ಗುಳ್ಳೆ ಎಬ್ಬಿಸುವುದಕ್ಕೇ ಹೋಗುತ್ತದೆ. ಅದಕ್ಕೇ ನನ್ನ ಮಾತು ಇಷ್ಟೇ: ತಗಡು, ಕರೆಂಟಿನ ಈ ಯಂತ್ರವನ್ನು ಚರಂಡಿಯ ಕೊನೆಯಲ್ಲಿ ಇಡಬೇಡಿ, ಮೊದಲ ತೊಳೆಯುವ ತೊಟ್ಟಿಯ ಪಕ್ಕದಲ್ಲೇ ಇಡಿ. ನೀರಿನಲ್ಲಿ ಲೋಹ ಹೆಚ್ಚಾಗಿರುವುದು ಅಲ್ಲಿ.

ಕ್ರೋಮ್ ಮಾತ್ರ ಈ ಲೆಕ್ಕಕ್ಕೆ ಬಗ್ಗುವುದಿಲ್ಲ. ಕ್ರೋಮ್ ಪ್ಲೇಟಿಂಗಿನ ಹಳದಿ ನೀರಿನಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಅಂದರೆ ಕ್ರೋಮಿಯಂನ ಹೆಚ್ಚು ವಿಷದ ರೂಪ, ಕ್ಯಾನ್ಸರ್ ತರುವಂಥದ್ದು, ಪೀಣ್ಯದ ಅಂತರ್ಜಲದಲ್ಲೂ ಸಿಕ್ಕಿದೆ. ಹೊರಗೆ ಬಿಡುವ ಲೀಟರ್ ನೀರಿನಲ್ಲಿ ಅದು 0.1 ಮಿಲಿಗ್ರಾಂ ಮೀರುವಂತಿಲ್ಲ. ಇದಕ್ಕೆ ಕಬ್ಬಿಣದ ತಗಡು ಬೇಕು. ಕರೆಂಟಿಗೆ ಕಬ್ಬಿಣ ಕರಗುತ್ತದೆ, ಕರಗಿದ ಕಬ್ಬಿಣ ಕ್ರೋಮಿಯಂನ ವಿಷದ ಹಲ್ಲು ಕಿತ್ತು ಕಡಿಮೆ ವಿಷದ ಮೂರು ವೇಲೆನ್ಸಿಗೆ ಇಳಿಸುತ್ತದೆ, ಆಮೇಲೆ ಎರಡೂ ಸೇರಿ ತಳಕ್ಕೆ ಕೂರುತ್ತವೆ. ಹೌದು, ಇಲ್ಲಿ ಮತ್ತೆ ಕೆಸರೇ. ಮುಚ್ಚಿಟ್ಟು ಪ್ರಯೋಜನವಿಲ್ಲ.

ಇನ್ನೊಂದು ವಿಷಯ. ನಿಕಲ್ ತೊಟ್ಟಿಯಲ್ಲಿ ಕ್ಲೋರೈಡ್ ಇರುತ್ತದೆ, ಹಾಗಾಗಿ ಪ್ಲಸ್ ತಗಡಿನಲ್ಲಿ ಕ್ಲೋರಿನ್ ಎಂಬ ವಿಷಾನಿಲ ಏಳಬಹುದು. ಬ್ಲೀಚಿಂಗ್ ಪುಡಿಯ ವಾಸನೆ ಮೂಗಿಗೆ ಬಡಿದರೆ ಮೊದಲು ಕರೆಂಟ್ ಆಫ್ ಮಾಡಿ, ಆಮೇಲೆ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿದೆಯಾ ನೋಡಿ.